ಐದು ಕಾರ್ಡು, ಒಂದು ಲೌಂಜು

ದುಡ್ಡು ಕೊಟ್ಟು ತಂದ ವಸ್ತುವಿಗಿಂತ ಬಿಟ್ಟಿ ಸಿಕ್ಕಿದ್ದರ ಮೇಲೆ ಮನುಷ್ಯನಿಗೆ ಮಮತೆ ಜಾಸ್ತಿ. ಉಳಿದವರ ವಿಷಯ ಗೊತ್ತಿಲ್ಲ, ನನ್ನ ಮಟ್ಟಿಗಂತೂ ಇದು ಸತ್ಯ. ಬೆಳ್ತಂಗಡಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಸಣ್ಣ ಅಕ್ಷರ ಕಾಣದವರಿಗೆಲ್ಲ ಕಾಣುವಂತೆ ಮಾಡುವುದು ನನ್ನ ಕಸುಬು. ಆದರೆ ಕ್ರೆಡಿಟ್ ಕಾರ್ಡಿನ ಜೊತೆ ಬರುವ ಸಣ್ಣ ಅಕ್ಷರಗಳನ್ನು ನಾನು ಒಂದು ದಿನವೂ ಓದಿದವನಲ್ಲ. ಹಾಗಾಗಿ ನನ್ನ ಬಳಿ ಐದು ಕಾರ್ಡುಗಳಿದ್ದವು. ಮೊದಲನೆಯದನ್ನು ಖಾತೆಯಿರುವ ಬ್ಯಾಂಕಿನವರು ಕೊಟ್ಟರು, ದಾಕ್ಷಿಣ್ಯಕ್ಕೆ ತೆಗೆದುಕೊಂಡೆ. ಎರಡನೆಯದು ಪೆಟ್ರೋಲಿಗೆ. ಮೂರನೆಯದಕ್ಕೆ ಮಂಗಳೂರಿನ ಮಾಲಿನಲ್ಲಿ ಸಹಿ ಹಾಕಿದೆ, ಯಾಕೆಂದರೆ ಜೊತೆಗೊಂದು ಕೊಡೆ ಕೊಡುತ್ತಿದ್ದರು. ಕೊಡೆ ಮೊದಲ ಗಾಳಿಗೇ ತಿರುಗಿ ಮಡಚಿಕೊಂಡಿತು, ಕಾರ್ಡು ಗಟ್ಟಿಯಾಗಿ ಉಳಿಯಿತು. ನಾಲ್ಕನೆಯದು ಯಾಕೆ ಬಂತೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಐದನೆಯದು ಕಪ್ಪು ಬಣ್ಣದ್ದು. ಅದಿದ್ದರೆ ವಿಮಾನ ನಿಲ್ದಾಣದ ಲೌಂಜಿಗೆ ಪ್ರವೇಶ ಉಚಿತ. ನಾನು ಅಲ್ಲಿಯವರೆಗೆ ವಿಮಾನ ಹತ್ತಿದವನಲ್ಲ. ಲೌಂಜು ಎಂದರೇನೆಂದು ಪಕ್ಕದ ಚಪ್ಪಲಿ ಅಂಗಡಿಯ ಹಮೀದಾಕನನ್ನು ಕೇಳಿದೆ. ಅವರ ಮಗ ಗಲ್ಫಿನಲ್ಲಿದ್ದಾನೆ, ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬಿಟ್ಟು ಕರೆತಂದು ಅವರಿಗೆ ಅಭ್ಯಾಸ.

"ಒಳಗೆ ಸೋಫಾ ಉಂಟಂತೆ, ಬೇಕಾದಷ್ಟು ತಿನ್ನಲಿಕ್ಕೆ ಉಂಟಂತೆ. ಮಗ ಹೇಳಿದ್ದು. ನಾವು ಹೊರಗಿಂದಲೇ ಕೈ ಬೀಸಿ ಬರುವವರು ಅಲ್ವಾ ಜಿನಣ್ಣ?" ಎಂದರು.

ಬೇಕಾದಷ್ಟು ತಿನ್ನಲಿಕ್ಕೆ! ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಅದೇ ಸಮಯಕ್ಕೆ ಹೆಂಡತಿ ಸುಮತಿಯ ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಮದುವೆ ಗೊತ್ತಾಯಿತು. ಬಸ್ಸಿನಲ್ಲಿ ಹೋಗುವುದು ಬೇಡ, ವಿಮಾನದಲ್ಲೇ ಹೋಗುವ ಎಂದೆ. ಸುಮತಿ ಅಳದಂಗಡಿಯ ನಮ್ಮ ಮನೆಯಲ್ಲೇ ಹೊಲಿಗೆ ಕಲಿಸುತ್ತಾಳೆ. ಬಟ್ಟೆ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವ ಜಾತಿ. "ನಿಮಗೆ ಎಂತ, ಮರ್ಲಾ? ವಿಮಾನಕ್ಕೆ ಎಷ್ಟಾಗ್ತದೆ?" ಎಂದು ಹುಚ್ಚನನ್ನು ನೋಡುವಂತೆ ನೋಡಿ ಕೇಳಿದಳು. "ಲೌಂಜು ಫ್ರೀ" ಎಂದೆ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲದಿರುವುದು ನನಗೆ ಆಗ ಹೊಳೆಯಲಿಲ್ಲ.

ಟಿಕೆಟ್ ಮಾಡಿದ ಮೇಲೆ ತಿಳಿದದ್ದು, ಲೌಂಜು ಹಾಗೆಲ್ಲ ಫ್ರೀ ಅಲ್ಲ. ಪ್ರಯಾಣಕ್ಕೆ ಮುಂಚಿನ ಮೂರು ತಿಂಗಳಲ್ಲಿ ಕಾರ್ಡಿನಲ್ಲಿ ಒಂದು ದೊಡ್ಡ ಮೊತ್ತ ಖರ್ಚು ಮಾಡಿರಬೇಕಂತೆ. ಖರ್ಚು ಮಾಡಲು ನನಗೆ ಇಷ್ಟೊಂದು ಕಷ್ಟವಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲು ಮೂಡುಬಿದಿರೆಗೆ ಹೋಗಿ ಹೊಸ ಫ್ರಿಜ್ಜು ತಂದೆ. ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. ಎರಡು ಫ್ರಿಜ್ಜುಗಳಲ್ಲಿ ಇಡುವುದಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಪಾತ್ರೆ ಮೊಸರು. ಅದೂ ಸಾಲದೆ, ಪೇಟೆಯಲ್ಲಿ ಯಾರು ಏನು ಕೊಂಡರೂ ಅವರ ಹಿಂದೆ ಓಡತೊಡಗಿದೆ. "ನನ್ನ ಕಾರ್ಡಲ್ಲಿ ಕೊಡ್ತೇನೆ, ನೀವು ನನಗೆ ಕ್ಯಾಶ್ ಕೊಡಿ ಮಾರಾಯ್ರೆ" ಎಂದು ಒಬ್ಬರ ಸ್ಕೂಟರಿನ ಟಯರಿಗೆ, ಇನ್ನೊಬ್ಬರ ಮನೆಯ ಪೈಂಟಿಗೆ, ಕೊನೆಗೆ ಹಮೀದಾಕನ ಅಂಗಡಿಯ ಹೊಸ ಕಪಾಟಿಗೂ ಕಾರ್ಡು ಉಜ್ಜಿದೆ. "ನಿಮಗೆ ಇದರಲ್ಲಿ ಲಾಭ ಎಂತ?" ಎಂದು ಹಮೀದಾಕ ಕೇಳಿದಾಗ ಗುಟ್ಟು ಬಿಡದೆ ನಕ್ಕೆ. ಕೈಗೆ ಬಂದ ನೋಟುಗಳನ್ನು ಬಿಲ್ಲು ಕಟ್ಟಲು ತೆಗೆದಿಡಬೇಕಿತ್ತು. ಆದರೆ ಜೇಬಿನಲ್ಲಿ ನೋಟಿದ್ದರೆ ನನ್ನ ನಡಿಗೆಯೇ ಬೇರೆಯಾಗುತ್ತದೆ. ಅವು ಹೇಗೆ ಬಂದವೋ ಹಾಗೆಯೇ ಹೋದವು.

ಅಂತೂ ಮೊತ್ತ ತುಂಬಿತು, ಪ್ರಯಾಣದ ದಿನ ಬಂತು. ವೇಣೂರು, ಮೂಡುಬಿದಿರೆ ದಾಟಿ ಬಜ್ಪೆ ತಲಪುವಾಗ ಸಂಜೆ. ಲೌಂಜಿನಲ್ಲಿ ಚೆನ್ನಾಗಿ ತಿನ್ನಬೇಕೆಂದು ದಾರಿಯಲ್ಲಿ ಏನೂ ಕೊಡಿಸಲಿಲ್ಲ. "ಒಂದು ಚಾ ಆದ್ರೂ ಕುಡಿಯುವ" ಎಂದು ಮೂಡುಬಿದಿರೆಯಲ್ಲಿ ಸುಮತಿ ಹೇಳಿದಳು. "ಸುಮ್ಮನೆ ಹೊಟ್ಟೆ ತುಂಬಿಸಿಕೊಳ್ಳಬೇಡ" ಎಂದು ಗದರಿದೆ.

ಲೌಂಜಿನ ಬಾಗಿಲಲ್ಲಿ ಕೋಟು ಹಾಕಿದ ಯುವತಿ ಕಪ್ಪು ಕಾರ್ಡನ್ನು ಯಂತ್ರಕ್ಕೆ ತಾಗಿಸಿ, "ನೀವು ಹೋಗ್ಬಹುದು ಸರ್. ಮೇಡಮ್‌ಗೆ ಚಾರ್ಜ್ ಉಂಟು" ಎಂದಳು. ಕಾರ್ಡು ಒಬ್ಬರಿಗೆ ಮಾತ್ರವಂತೆ. ಹೆಂಡತಿಯನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗಿ ತಿನ್ನುವಷ್ಟು ಧೈರ್ಯ ನನಗಿಲ್ಲ. ನಾಲ್ಕನೆಯ ಕಾರ್ಡಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಆ ಶುಲ್ಕದಲ್ಲಿ ಬೆಳ್ತಂಗಡಿಯಲ್ಲಿ ಇಡೀ ಸಂಸಾರ ಊಟ ಮಾಡಿ ಐಸ್‌ಕ್ರೀಮೂ ತಿನ್ನಬಹುದಿತ್ತು.

ಒಳಗೆ ಹೋದರೆ ಹಬೆಯಾಡುವ ಪಾತ್ರೆಗಳ ಸಾಲು. ನಾನು ಎರಡು ತಟ್ಟೆ ಎತ್ತಿಕೊಂಡೆ. ಸುಮತಿ ಗಾಜಿನ ಗೋಡೆಯಾಚೆ ನೋಡುತ್ತಾ ನಿಂತಿದ್ದಳು. ಹೊರಗೆ ಕತ್ತಲು ಇಳಿದಿತ್ತು.

"ಹೊತ್ತು ಮುಳುಗಿತಲ್ಲ" ಎಂದಳು.

ನಾವು ಜೈನರು. ಸುಮತಿ ಚಿಕ್ಕಂದಿನಿಂದಲೂ ಸೂರ್ಯ ಮುಳುಗಿದ ಮೇಲೆ ಆಹಾರ ಮುಟ್ಟಿದವಳಲ್ಲ. ನಾನು ಅಂಗಡಿ ಮುಚ್ಚಿ ಮನೆಗೆ ಹೋಗುವುದೇ ಕತ್ತಲಾದ ಮೇಲೆ. ಆದ್ದರಿಂದ ನನಗೆ ನಾನೇ ವಿನಾಯಿತಿ ಕೊಟ್ಟುಕೊಂಡವನು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ, ವಿಮಾನದ ಹೊತ್ತು ನೋಡಿದ ನಾನು ಹೆಂಡತಿಯ ಹೊತ್ತು ನೋಡಲಿಲ್ಲ.

"ಮೊದಲೇ ಹೇಳಬಾರದಾ?" ಎಂದೆ.

"ಚಾ ಕುಡಿಯುವ ಅಂತ ಹೇಳಿದ್ದು ಮತ್ತೆ ಎಂತಕ್ಕೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ಅವಳು ಒಂದು ಲೋಟ ನೀರು ಹಿಡಿದು ಸೋಫಾದಲ್ಲಿ ಕೂತಳು. ಪ್ರಪಂಚದಲ್ಲೇ ಅತಿ ದುಬಾರಿ ನೀರು ಅದಾಗಿರಬೇಕು. ಅವಳ ಪಾಲೂ ನಷ್ಟವಾಗಬಾರದೆಂದು ಇಬ್ಬರದ್ದನ್ನೂ ನಾನೇ ತಿಂದೆ. ಪರಿಣಾಮವಾಗಿ ವಿಮಾನದಲ್ಲಿ ಕಿಟಕಿಯ ಹೊರಗಿನ ನಕ್ಷತ್ರಗಳನ್ನು ಸುಮತಿ ನೋಡಿದಳು, ನಾನು ಶೌಚಾಲಯದ ಬಾಗಿಲಿನ ಕೆಂಪು ದೀಪವನ್ನು ನೋಡಿದೆ. ಮರುದಿನದ ಮದುವೆಯೂಟದಲ್ಲಿ ಅವಳು ಹೋಳಿಗೆ ಹಾಕಿಸಿಕೊಳ್ಳುವಾಗ ಪಕ್ಕದಲ್ಲಿ ನನ್ನದು ಬರೀ ಮಜ್ಜಿಗೆ.

ಊರಿಗೆ ಬಂದ ವಾರದಲ್ಲೇ ಬಿಲ್ಲುಗಳು ಬಂದವು, ಒಂದೊಂದು ಒಂದೊಂದು ತಾರೀಕಿಗೆ. ನಾನು ಎಲ್ಲದಕ್ಕೂ 'ಕನಿಷ್ಠ ಮೊತ್ತ' ಎಂದು ಬರೆದಿದ್ದಷ್ಟನ್ನೇ ಕಟ್ಟಿ ನೆಮ್ಮದಿಯಾಗಿದ್ದೆ. ಮುಂದಿನ ತಿಂಗಳ ಬಿಲ್ಲನ್ನು ಸುಮತಿ ನೋಡಿದಳು.

"ಕಟ್ಟಿದ ಮೇಲೆ ಸಾಲ ಜಾಸ್ತಿ ಆದದ್ದು ಹೇಗೆ?"

ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆವು. ಕನಿಷ್ಠ ಮೊತ್ತ ಕಟ್ಟಿದರೆ ಉಳಿದದ್ದಕ್ಕೆಲ್ಲ ಬಡ್ಡಿ ಏರುತ್ತಲೇ ಇರುತ್ತದಂತೆ. ಅಂಗಡಿಗೆ ಕಣ್ಣು ಪರೀಕ್ಷಿಸುವ ಹೊಸ ಯಂತ್ರ ತರಬೇಕೆಂದು ಎರಡು ವರ್ಷದಿಂದ ಕೂಡಿಟ್ಟ ಹಣವಿತ್ತು. ಅದನ್ನು ಒಡೆದು ಎಲ್ಲ ಬಾಕಿ ತೀರಿಸಿದೆ. ಯಂತ್ರದ ಕಂಪನಿಯವನಿಗೆ ಫೋನು ಮಾಡಿ ಸದ್ಯಕ್ಕೆ ಬೇಡವೆಂದು ಹೇಳುವಾಗ ಸುಮತಿ ಪಕ್ಕದಲ್ಲೇ ಕೂತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ತೀರ್ಪು ಕೊಟ್ಟಳು. "ಎರಡು ಸಾಕು. ಒಂದು ನಿಮ್ಮ ಕಿಸೆಯಲ್ಲಿರಲಿ, ಇನ್ನೊಂದು ಆಸ್ಪತ್ರೆಗೆ ಬೇಕಾದೀತು, ಕಪಾಟಿನಲ್ಲಿರಲಿ. ಕೈಯಲ್ಲಿ ಹಣ ಇದ್ದದ್ದಕ್ಕೆ ಮಾತ್ರ ಉಜ್ಜುವುದು, ಬಿಲ್ಲು ಬಂದ ಹಾಗೆ ಪೂರ್ತಿ ಕಟ್ಟುವುದು." ಇಷ್ಟನ್ನು ಹೇಳಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಎರಡು ಕಾರ್ಡು ಸಲೀಸಾಗಿ ರದ್ದಾದವು. ಉಳಿದದ್ದು ಕಪ್ಪು ಕಾರ್ಡು. ಫೋನೆತ್ತಿದ ಹುಡುಗಿ ಬಲು ಮೃದುವಾಗಿ, "ಯಾಕೆ ಸರ್ ಕ್ಲೋಸ್ ಮಾಡ್ತಿದ್ದೀರಿ? ಕಾರಣ ತಿಳ್ಕೋಬಹುದಾ?" ಎಂದಳು. ಯಾರಾದರೂ ಕೇಳಲಿ ಎಂದು ಕಾದವನಂತೆ ಫ್ರಿಜ್ಜು, ಟಯರು, ಸೂರ್ಯಾಸ್ತ ಎಲ್ಲವನ್ನೂ ಹೇಳಿಬಿಟ್ಟೆ. ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

"ಸರ್, ನಮ್ಮ ಲಿಸ್ಟಲ್ಲಿ ಆ ಕಾರಣ ಬರ್ತಾ ಇಲ್ಲ. 'ಇತರೆ' ಅಂತ ಹಾಕ್ಲಾ?"

"ಹಾಕಿ" ಎಂದೆ.

"ಕ್ಲೋಸ್ ಆಯ್ತು ಸರ್. ಇನ್ನೊಂದು ವಿಷಯ, ನಮ್ಮಲ್ಲೇ ಬೇರೊಂದು ಕಾರ್ಡಿದೆ. ಅದ್ರಲ್ಲಿ ಮೇಡಮ್‌ಗೂ ಲೌಂಜ್ ಫ್ರೀ. ಬೆಳಗಿನ ಫ್ಲೈಟ್ ತಗೊಂಡ್ರೆ ಅವ್ರಿಗೂ ತಿಂಡಿ ಆಗುತ್ತೆ."

ಒಳಗೆ ಹೊಲಿಗೆ ಯಂತ್ರ ಓಡುತ್ತಿರುವ ಶಬ್ದ ಕೇಳುತ್ತಿತ್ತು. ನಾನು ಫೋನು ಹಿಡಿದುಕೊಂಡೇ ಅಂಗಳಕ್ಕೆ ಇಳಿದು, ದನಿ ತಗ್ಗಿಸಿ ಕೇಳಿದೆ:

"ತಿಂಡಿಗೆ ಎಂತೆಲ್ಲ ಇರ್ತದೆ?"