ಭಾರ ಒಲ್ಲದ ಅತ್ತೆಯ ಕ್ಯಾಟಮರಾನ್

ನಮ್ಮ ಸೋದರತ್ತೆ ಮನೆಗೆ ಬಂದ ನೆಂಟರಿಗೆ ಮೊದಲು ನೀರು ಕೊಡುವುದಿಲ್ಲ, ತೂಗುತ್ತಾಳೆ! ಸುಳ್ಳಲ್ಲ. ಮುನವಳ್ಳಿಯ ಅವಳ ಮನೆಯ ತಲಬಾಗಿಲಲ್ಲೇ ತೂಕದ ಯಂತ್ರವಿದೆ. "ಯಾವಾಗರೆ ದೋಣ್ಯಾಗ ಕೂಡೋರಿದ್ರ ಗೊತ್ತಿರಲಿ" ಎನ್ನುತ್ತಾಳೆ. ಹೋಳಿಗೆ ಬಡಿಸುವವಳೂ ಅವಳೇ, ಮತ್ತೊಂದಕ್ಕೆ ಕೈ ಚಾಚಿದವರನ್ನು ಕಂಡು ನಿಟ್ಟುಸಿರು ಬಿಡುವವಳೂ ಅವಳೇ.

ಇದಕ್ಕೆಲ್ಲ ಕಾರಣ ಅವಳ ಕ್ಯಾಟಮರಾನ್. ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ. ಇವಳು ಹಿತ್ತಲಲ್ಲಿ ಬಡಿಗನನ್ನು ಕೂಡಿಸಿಕೊಂಡು ಪ್ಲೈವುಡ್ಡಿನ ಎರಡು ಸಪೂರ ದೋಣಿ ಮಾಡಿಸಿ, ನಡುವೆ ಅಟ್ಟ ಹಾಕಿ, ಮೇಲೆ ಹಾಯಿ ಏರಿಸಿ ಮಲಪ್ರಭೆಯ ಹಿನ್ನೀರಿಗೆ ಇಳಿಸಿಯೇಬಿಟ್ಟಳು! ಸಮುದ್ರ ಎಲ್ಲಿ, ಮುನವಳ್ಳಿ ಎಲ್ಲಿ? ಆದರೂ ಅದು ಗಾಳಿಗೆ ಓಡುವ ಚೆಂದ ನೋಡಬೇಕು. ಓಡಬೇಕಾದರೆ ಮಾತ್ರ ಹಗುರಾಗಿರಬೇಕು. "ಸಪೂರ ಇದ್ದದ್ದಕ್ಕ ನೀರು ಸೀಳ್ಕೊಂಡು ಹೋಗ್ತದ. ಸಂಸಾರ ಹೇರಿದ್ರ ಕೆಳಗಿಳದು ಎಮ್ಮಿ ಆಗ್ತದ" ಎನ್ನುವುದು ಅವಳ ಸಿದ್ಧಾಂತ.

ಆ ಸಂಸಾರ ಹೇರುವವರು ಅವಳ ಗಂಡ, ನಮ್ಮ ಮಾವ. ನೀರು ಕಂಡರೆ ಅವರ ಎದೆ ಢವಢವ ಎನ್ನುತ್ತದೆ. ದೋಣಿ ಹತ್ತುವುದಿರಲಿ, ದಂಡೆಯಿಂದಲೂ ಎರಡು ಮಾರು ದೂರ ನಿಲ್ಲುತ್ತಾರೆ. ಹೆಂಡತಿ ಹೊರಟಳೆಂದರೆ ಮಾತ್ರ ರೊಟ್ಟಿ ಗಂಟು, ಶೇಂಗಾ ಹಿಂಡಿ, ಬಿಸಿನೀರಿನ ಫ್ಲಾಸ್ಕು, ಕೊಡೆ, ಕಂಬಳಿ, ಒಮ್ಮೆಯಂತೂ ಮಡಚುವ ಮಂಚ! ಇವರು ಹೇರುತ್ತಾರೆ, ಅವಳು ಇಳಿಸುತ್ತಾಳೆ. "ಗಾಳಿ ನಿಂತೀತು!" ಎಂದು ಅವಳು, "ಹಸಿವಾದ್ರ?" ಎಂದು ಇವರು. ಅಷ್ಟರಲ್ಲಿ ಗಾಳಿ ನಿಂತೇ ಹೋಗಿರುತ್ತದೆ.

ನಮ್ಮಪ್ಪನಿಗೆ ತಂಗಿಯನ್ನು ಕೆಣಕುವುದೆಂದರೆ ಹಬ್ಬ. ಒಮ್ಮೆ ಪಂಥ ಕಟ್ಟಿದ. "ನನ್ನ ಹಳೇ ಸ್ಕೂಟರು ರಸ್ತಾ ಸುತ್ತಿ ಬಂದ್ರೂ ನಿನಗಿಂತ ಮೊದಲ ಆಚೀ ದಂಡಿ ಮುಟ್ಟತದ. ಸೋತ್ರ ದೋಣಿ ಮಾರಬೇಕು ನೋಡು!"

ಅತ್ತೆ ಹೂಂ ಎಂದುಬಿಟ್ಟಳು. ಆಡಿದ ಮಾತಿಗೆ ತಪ್ಪುವವಳಲ್ಲ, ಸೋತರೆ ಮಾರುವವಳೇ.

ಆ ದಿನ ಹಗ್ಗ ಹಿಡಿಯಲು ನಾನಿದ್ದೆ. ಹೊರಡುವ ಹೊತ್ತಿಗೆ ಮಾವ ಬರಿಗೈಯಲ್ಲಿ ಬಂದು ನಿಂತರು.

"ಇವತ್ತ ನಾನೂ ಬರತೀನಿ."

"ಯಾಕ್ರಿ?"

"ನೀ ಸೋಲೂದು ಖರೆ. ಸೋಲೂವಾಗ ಒಬ್ಬಾಕಿ ಇರಬಾರದು."

ಹಾಗಾದರೆ ನಾನು ಲೆಕ್ಕಕ್ಕೇ ಇಲ್ಲವೇ! ಮಾವನೆಂದರೆ ದೊಡ್ಡದೊಂದು ಜೋಳದ ಚೀಲ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ತೂಗಲಿಲ್ಲ. "ಏರ್ರಿ" ಎಂದಳು.

ಅಂದಿನಂಥ ಗಾಳಿ ನಾನು ಕಂಡಿಲ್ಲ. ಮಾವನ ಭಾರವನ್ನೂ ಲೆಕ್ಕಿಸದೆ ದೋಣಿ ಓಡಿತು. ಅಲೆಗಳು ಅಟ್ಟದ ತಳಕ್ಕೆ ಢಬ್ ಢಬ್ ಎಂದು ಬಡಿದವು.

"ಕೆಳಗ ಯಾರೋ ಬಾಗಲಾ ಬಡೀಲಿಕ್ಕತ್ತಾರಲ್ಲ!" ಎಂದರು ಮಾವ.

"ನೀರಿನ ತೆರಿ ರೀ ಅವು."

"ಇದು ವಾಲೂದಿಲ್ಲ ಹೌದಲ್ಲ?"

"ವಾಲೂದಿಲ್ಲ. ಗಾಳಿ ಅತಿ ಆದ್ರ ಒಮ್ಮೆಲೇ ಬೋರಲ ಬೀಳ್ತದ!"

ಮಾಸ್ತರಿಕೆ ಮಾಡಿದವರಿಗೆ ಸತ್ಯ ಬಾಯಲ್ಲಿ ನಿಲ್ಲುತ್ತದೆಯೇ? ಮಾವ ಎರಡೂ ಕೈಯಿಂದ ಹಲಗೆ ಹಿಡಿದು ಕಣ್ಣು ಮುಚ್ಚಿದರು. ಮುಖ ಬಿಳಿಚಿಹೋಗಿತ್ತು. ದೂರದ ರಸ್ತೆಯಲ್ಲಿ ಅಪ್ಪನ ಸ್ಕೂಟರು ಇನ್ನೂ ನಮ್ಮ ಹಿಂದೆಯೇ ಇತ್ತು. ಅತ್ತೆ ಎದುರಿನ ದಂಡೆ ನೋಡಿದಳು, ಮಾವನನ್ನು ನೋಡಿದಳು.

"ಹಾಯಿ ಅರ್ಧಾ ಇಳಸು" ಎಂದಳು ನನಗೆ.

"ಅತ್ಯಾ, ಸೋಲತೀವಿ!"

"ಇಳಸು ಅಂದೆ."

ದೋಣಿ ತೆವಳತೊಡಗಿತು. ನಾವು ಮುಟ್ಟಿದಾಗ ಅಪ್ಪ ದಂಡೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

"ಏನವಾ, ಯಾವಾಗ ಮಾರ್ತಿ?"

ಅತ್ತೆ ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದಳು. ಅಣ್ಣನ ಎದುರು ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅಂದೇ. ನನಗೆ ಅಳುವೇ ಬಂತು. ಅಪ್ಪನ ನಗುವೂ ಕರಗಿತು. "ಆತು ಬಿಡು, ಆಮ್ಯಾಲ ನೋಡೂಣು. ಭಾವನವರು ಹೆದರ್ಯಾರ. ನೀವು ನನ್ನ ಸ್ಕೂಟರ ಮ್ಯಾಲ ಬರ್ರಿ."

ದೋಣಿಯಲ್ಲೇ ಕುಳಿತಿದ್ದ ಮಾವ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ನಾ ಒಲ್ಲೆ. ದೋಣಿ ಮಾರೂದೂ ಇಲ್ಲ. ಹೊಳ್ಳಿ ಹೋಗುವಾಗೂ ನಾ ಈಕಿ ಜೋಡಿನ ಕೂಡಾಂವ."