ಫ್ಯಾನಿನ ಕೆಳಗಿನ ಕುರ್ಚಿ

ರಾಯದುರ್ಗದ ಶಿವಶಂಕರ್ ಸಾವ್ಕಾರರ ಜೀನ್ಸ್ ಯೂನಿಟ್ಟಿನಲ್ಲಿ ಅಂದು ಹೊಲಿಗೆ ಮಿಷನ್ನುಗಳೆಲ್ಲ ಸುಸೂತ್ರವಾಗಿ ಓಡುತ್ತಿದ್ದವು. ಹಟ ಹಿಡಿದು ಕೂತದ್ದು ಕಂಪ್ಯೂಟರಿನ ಇ-ಮೇಲ್ ಒಂದೇ.

ಮೂರು ವರ್ಷ ಪ್ಯಾಂಟಿಗೆ ಜಿಪ್ ಹೊಲಿದ ಓಬುಲೇಶ್, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತು, ಯೂನಿಟ್ಟಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಯಾವ ಊರಿನ ವ್ಯಾಪಾರಿಯೇ ಆಗಲಿ, ಅದರಲ್ಲಿ ಬೇಕಾದ ಪ್ಯಾಂಟು ಆರಿಸಿ ಒತ್ತಿದರೆ ಸಾಕು, ದರದ ವಿವರ ತಾನಾಗಿಯೇ ಮೇಲ್‌ನಲ್ಲಿ ಹೋಗುತ್ತಿತ್ತು. ಸಾವ್ಕಾರರು ಖುಷಿಯಾಗಿ ಅವನನ್ನು ಜಿಪ್ ಮಿಷನ್ನಿನಿಂದ ಎಬ್ಬಿಸಿ ಕಂಪ್ಯೂಟರಿನ ಮುಂದೆ, ಯೂನಿಟ್ಟಿನಲ್ಲಿ ನೆಟ್ಟಗೆ ತಿರುಗುವ ಏಕೈಕ ಫ್ಯಾನಿನ ಕೆಳಗೆ ಕೂರಿಸಿದ್ದರು. ಆ ಕುರ್ಚಿ ಸಿಕ್ಕ ಮೇಲೆ ಓಬುಲೇಶ್ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬರತೊಡಗಿದ್ದ.

ಇವತ್ತು ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಯೊಬ್ಬರು ಸೈಟಿನಲ್ಲಿ ದರ ಕೇಳಿದ್ದರು. ಮೇಲ್ ಹೋಗಲಿಲ್ಲ. 'ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ' ಎಂದು ಪರದೆ ಕೆಂಪಗೆ ಗದರಿಸುತ್ತಿತ್ತು.

"ಸಾವ್ಕಾರ್ರೆ, ಸದ್ಯಕ್ಕ ಕೈಲೇ ಕಳಿಸಿಬಿಡ್ಲೇನ್ರಿ?" ಎಂದು ಓಬುಲೇಶ್ ಮೆಲ್ಲಗೆ ಕೇಳಿದ.

"ಕೈಲೇ ಕಳ್ಸಾಕ ನಾನಿಲ್ಲೇನು? ನಮ್ದೆಲ್ಲಾ ಆಟೋಮ್ಯಾಟಿಕ್ ಅಂತ ಅವ್ರ ಮುಂದ ಹೇಳ್ಕೊಂಡೀನಿ. ಸಂಜಿತನ ಕಾಯ್ತಾರ, ಆಮ್ಯಾಲ ಬಳ್ಳಾರಿ ಜೀನ್ಸಿನೋರ ಹತ್ರ ಹೋಗ್ತಾರ. ಅದು ತಾನಾಗೇ ಹೋಗ್ಲಿಲ್ಲಂದ್ರ ನಾಳಿಂದ ನೀನು ಜಿಪ್ ಮಿಷನ್ ಮ್ಯಾಲ ಕುಂದ್ರು!"

ಏನೇ ಆಗಲಿ, ಆ ಕುರ್ಚಿ ಬಿಡುವುದಿಲ್ಲ ಎಂದು ಓಬುಲೇಶ್ ತೀರ್ಮಾನಿಸಿದ.

ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿ ಮತ್ತೆ ಹೊಡೆದ. ಅದೇ ಕೆಂಪು. ಕಟಿಂಗ್ ಮಾಸ್ಟರ್ ರಾಮಾಂಜಿನೇಯ ಕತ್ತರಿ ಹಿಡಿದೇ ಓಡಿಬಂದು, "ಧೂಳು ಕುಂತೈತಿ" ಎಂದು ನೆಟ್ಟಿನ ವೈರು ಕಿತ್ತು ಉಫ್ ಎಂದು ಊದಿದ. ಇದ್ದ ನೆಟ್ಟೂ ಹೋಯಿತು. ಅದನ್ನು ಸರಿಮಾಡುವಷ್ಟರಲ್ಲಿ ಇಸ್ತ್ರಿ ನಾಗರತ್ನಮ್ಮ ಉಪ್ಪು, ಮೆಣಸಿನಕಾಯಿ ತಂದು ಕಂಪ್ಯೂಟರಿಗೆ ದೃಷ್ಟಿ ತೆಗೆದು, ಅಲ್ಲೇ ಇಸ್ತ್ರಿಪೆಟ್ಟಿಗೆಯ ಕೆಂಡದ ಮೇಲೆ ಹಾಕಿದಳು. ಯೂನಿಟ್ಟಿಗೆ ಯೂನಿಟ್ಟೇ ಕೆಮ್ಮುತ್ತ ಬೀದಿಗೆ ಬಂದು ನಿಂತಿತು.

"ನೋಡಿದ್ರೇನ್ರಿ, ಎಷ್ಟು ದೃಷ್ಟಿ ಇತ್ತಂತ!" ಎಂದು ನಾಗರತ್ನಮ್ಮ ಕಣ್ಣೊರೆಸಿಕೊಂಡಳು.

ಓಬುಲೇಶ್ ಮೂಗಿಗೆ ಕರ್ಚೀಪು ಕಟ್ಟಿಕೊಂಡು ಒಳಹೊಕ್ಕು ಮೇಲ್ ಅಕೌಂಟನ್ನೇ ಜಾಲಾಡಿದ. ಕಡೆಗೆ ಗುಟ್ಟು ಸಿಕ್ಕಿತು.

"ಸಾವ್ಕಾರ್ರೆ, ಅಕೌಂಟಿಗೆ ಎರಡನೇ ಬೀಗ ಯಾರು ಹಾಕಿದ್ರಿ?"

"ಮೊನ್ನಿ ಅಮಾಸಿ ಪೂಜಿಗೆ ಅಳಿಯ ಬಂದಿದ್ದನಲ್ಲ, ಅವ್ನ ಹಾಕಿಕೊಟ್ಟ. ಬಾಗಿಲಿಗೆ ನಿಂಬಿಹಣ್ಣು ಕಟ್ಟಿದ್ವಿ, ಇದಕ್ಕೂ ಒಂದು ಇರ್ಲಿ ಅಂದೆ."

"ಆ ಬೀಗ ಬಿದ್ದ ಮ್ಯಾಲ ನಮ್ಮ ವೆಬ್‌ಸೈಟ್‌ಗೆ ಹಳೇ ಪಾಸ್‌ವರ್ಡ್ ನಡಿಯಂಗಿಲ್ರಿ. ಅದಕ್ಕಂತ ಬ್ಯಾರೇ ಪಾಸ್‌ವರ್ಡ್ ತಗೀಬೇಕು. ನಿಮ್ಮ ಫೋನಿಗೊಂದು ನಂಬರ್ ಬರ್ತೈತಿ, ಹೇಳ್ರಿ."

"ನನ್ನ ಫೋನಲ್ಲಪ್ಪಾ, ಅವ್ವನ ಫೋನ್ ನಂಬರ್ ಕೊಟ್ಟೀನಿ. ಅಕಿ ಕೈಗುಣ ಚೊಲೋ ಐತಿ."

ಯೂನಿಟ್ಟಿನ ಮೊದಲ ಬಟ್ಟೆ ಕತ್ತರಿಸಿದ್ದು, ಮೊದಲ ದಾರ ಪೋಣಿಸಿದ್ದು ಎಲ್ಲ ಸಾವ್ಕಾರರ ತಾಯಿ ಉಚ್ಚಂಗಮ್ಮನ ಕೈಯಿಂದಲೇ. ಹಾಗಾಗಿ ಈ ಬೀಗವೂ ಅವರ ಹೆಸರಿನಲ್ಲೇ. ಅವರೋ ಕಣೇಕಲ್ಲಿನ ಮಗಳ ಮನೆಗೆ ಹೋಗಿದ್ದರು.

ಸಾವ್ಕಾರರು ಫೋನ್ ಮಾಡಿದರು. "ಅವ್ವಾ, ಒಂದು ನಂಬರ್ ಬರ್ತೈತಿ, ಓದಿ ಹೇಳು."

"ಯಾರಪ್ಪಾ ನೀನು?"

"ನಾನವ್ವಾ, ನಿನ್ನ ಮಗ ಶಂಕ್ರ!"

"ಎಲ್ಲಾ ಕಳ್ಳರೂ ಹಿಂಗ ಅಂತಾರ. ನಂಬರ್ ಕೇಳಿದೋರಿಗೆ ಹೇಳಬ್ಯಾಡ ಅಂತ ನನ್ನ ಮಗಾನೇ ಹೇಳ್ಯಾನ. ಅವನ ದನಿ ಮಾಡ್ತೀಯೇನ ಭಾಡ್ಯಾ!" ಎಂದು ಉಚ್ಚಂಗಮ್ಮ ಫೋನನ್ನೇ ಬಂದ್ ಮಾಡಿಬಿಟ್ಟರು.

ಓಬುಲೇಶ್ ರಾಮಾಂಜಿನೇಯನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ನಾನು ಫೋನ್ ಮಾಡಿದಾಗ ಈ ಬಟನ್ ಒತ್ರಿ ಮಾಸ್ಟರ್. ಏನೂ ಊದಬ್ಯಾಡ್ರಿ" ಎಂದು ಕೈಮುಗಿದು, ಬೈಕು ಹತ್ತಿ ಬಿಸಿಲಲ್ಲೇ ಕಣೇಕಲ್ಲಿಗೆ ಹೊರಟ.

ಉಚ್ಚಂಗಮ್ಮ ಅವನನ್ನು ಗುರುತಿಸಿದರು, ಆದರೆ ಅವನು ಊಟ ಮಾಡುವವರೆಗೂ ಫೋನು ಕೊಡಲಿಲ್ಲ. ಗಡಿಯಾರ ನೋಡುತ್ತಲೇ ಓಬುಲೇಶ್ ಎರಡು ಸಲ ಅನ್ನ ಹಾಕಿಸಿಕೊಂಡ. ಆಮೇಲೆ ಫೋನು ಹುಡುಕುವ ಕೆಲಸ. ಕಳ್ಳರ ಕೈಗೆ ಸಿಗದಿರಲೆಂದು ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದರು! ತೆಗೆದು ಒರೆಸಿ ಚಾಲೂ ಮಾಡಿದ. ಅಲ್ಲಿ ರಾಮಾಂಜಿನೇಯ ಬಟನ್ ಒತ್ತಿದ, ಇಲ್ಲಿ ನಂಬರ್ ಬಂತು, ಓಬುಲೇಶ್ ಕೂಗಿ ಹೇಳಿದ. ಎರಡನೇ ಬೀಗ ತೆರೆದುಕೊಂಡಿತು.

ಬಂದ ದಾರಿಯಲ್ಲೇ ಹಾರಿಬಂದು, ವೆಬ್‌ಸೈಟಿಗೆ ಹೊಸ ಪಾಸ್‌ವರ್ಡ್ ತೆಗೆದು, ಅದನ್ನು ಹಳೆಯದರ ಜಾಗದಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು ಒತ್ತಿದ. ಪರದೆ ಹಸಿರಾಯಿತು. ಮೇಲ್ ಹೋಗಿತ್ತು! ಸಂಜೆಯೊಳಗೆ ಹುಬ್ಬಳ್ಳಿಯಿಂದ ಫೋನೂ ಬಂತು: ಎರಡು ಸಾವಿರ ಪ್ಯಾಂಟು, ಹಬ್ಬದೊಳಗೆ ಬೇಕು.

ಯೂನಿಟ್ಟು ಚಪ್ಪಾಳೆ ತಟ್ಟಿತು. ಸಾವ್ಕಾರರು ಓಬುಲೇಶನ ಬೆನ್ನು ಚಪ್ಪರಿಸಿ ಕೇಳಿದರು:

"ಇನ್ಮ್ಯಾಲ ಮತ್ತ ನಿಂತುಬಿಡ್ತೈತೇನು?"

"ಛೇ, ಇಲ್ರಿ!" ಓಬುಲೇಶ್ ಎದೆಯುಬ್ಬಿಸಿದ. "ನಾನು ಮುಟ್ಟೋದೇ ಬ್ಯಾಡ್ರಿ. ಇಲ್ಲಿ ಯಾರೂ ಕುಂದ್ರದಿದ್ರೂ ಮೇಲ್ ತಾನಾಗೇ ಹೋಗ್ತೈತಿ."

"ಬಾಳ ಚೊಲೋ ಆತು" ಎಂದರು ಸಾವ್ಕಾರರು. "ಹಂಗಾರ ನಾಳಿಂದ ಜಿಪ್ ಮಿಷನ್ ಮ್ಯಾಲ ಕುಂದ್ರು. ಎರಡು ಸಾವಿರ ಜಿಪ್ಪು ತಾನಾಗೇ ಬೀಳಂಗಿಲ್ಲಲ್ಲ!"