ಪರ್ಪಲ್ ಪಂಪ್‌ಸೆಟ್ಟಿನ ಮೊದಲ ಕ್ಯಾಸೆಟ್

ಮದುವೆಯಾದ ಮೇಲೆ ಗಂಡಸಿಗೆ ತನ್ನ ಬಗ್ಗೆ ತನಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಹೆಂಡತಿಯ ತವರಿನವರಿಂದ ತಿಳಿದುಬರುತ್ತವೆ. ಹಾಗಲಕಾಯಿ ಪಲ್ಯವೆಂದರೆ ನನಗೆ ಪ್ರಾಣ ಎಂಬ ವಿಷಯ ನನಗೆ ಗೊತ್ತಾದದ್ದು ನನ್ನ ಅತ್ತೆಯಿಂದ. ಮೊದಲ ದೀಪಾವಳಿಗೆ ಹೋದಾಗ ಎಲೆಗೆ ಬಿದ್ದ ಪಲ್ಯವನ್ನು ಬೇಗ ಮುಗಿಸಿ ಕಷ್ಟ ಕಳೆದುಕೊಳ್ಳೋಣವೆಂದು ಗಬಗಬನೆ ತಿಂದಿದ್ದೆ. ಆಮೇಲೆ ನಾನು ಆ ಮನೆಯ ಮೆಟ್ಟಿಲು ಹತ್ತಿದ ದಿನವೆಲ್ಲ ಒಳಗೆ ಹಾಗಲಕಾಯಿ ಹೆಚ್ಚುವ ಸದ್ದು. ನಾನು ಸಂಗೀತ ಬಲ್ಲವನು ಎಂಬುದೂ ಹೀಗೆಯೇ ತಿಳಿಯಿತು. ನಿಶ್ಚಿತಾರ್ಥದ ದಿನ ನಾದಸ್ವರದವರ ಪಕ್ಕದಲ್ಲಿ ಕೂತು ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆನಂತೆ. ನಮ್ಮೂರು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವನು ಕೂರಲು ಜಾಗ ಸಿಕ್ಕಾಗ ಬೇರೇನು ಮಾಡಿಯಾನು?

ನನ್ನ ಮಾವನ ಮನೆ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ. ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಮಗ್ಗ ಹೊತ್ತುಕೊಂಡು ಬಂದು ನೆಲೆಸಿದ ಮನೆತನ. ಈಗ ಸೀರೆ ನೇಯಿಸಿ ಮಾರುವ ವ್ಯಾಪಾರ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು; ಆ ಕನ್ನಡದಲ್ಲೂ ಅಳಿಯ ‘ಮಾಪ್ಳೆ’, ಹಾಡು ‘ಪಾಟು’, ಅರ್ಥವಾಗುವುದು ‘ಪುರಿಯುವುದು’. ಕನ್ನಡ ಅಕ್ಷರ ಓದಲು ಅಲ್ಲಿ ಯಾರಿಗೂ ಬಾರದು. ನಾನೋ ಅದೇ ಊರಂಚಿನ ಕುರಿಚಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್ ನೋಡಿಕೊಳ್ಳುವವನು. ನನ್ನ ವಿದ್ಯೆಯೆಲ್ಲ ಬೋಲ್ಟು, ನಟ್ಟು, ವಾಷರುಗಳಲ್ಲೇ ಮುಗಿಯುತ್ತಿತ್ತು. ಆದರೆ ಊರಿಂದ ತಂದ ಕನ್ನಡ ಪಂಚಾಂಗವನ್ನು ಸರಾಗವಾಗಿ ಓದಿದ್ದರಿಂದ ಅವರ ಕಣ್ಣಿಗೆ ನಾನು ಪಂಡಿತ. ಪಂಡಿತನೆಂದ ಮೇಲೆ ಸಂಗೀತ ಬಾರದೆ ಇದ್ದೀತೆ?

ಇದರಿಂದ ನನಗೇನೂ ತೊಂದರೆ ಇರಲಿಲ್ಲ, ನನ್ನ ಭಾವಮೈದ ದಂಡಪಾಣಿ ಕ್ಯಾಸೆಟ್ ಮಾಡುವ ತನಕ. ದಂಡಪಾಣಿ ಬಲು ಸಾಧು ಹುಡುಗ. ಕಾಲೇಜು ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂತಿದ್ದ. ಕೂತಿದ್ದನೆಂದರೆ ಕೂತಿದ್ದ, ಅಷ್ಟೇ. ಗಿರಾಕಿಗಳು ಕೆಂಪು ಸೀರೆ ಕೇಳಿದರೆ ಹಸಿರು ತೆಗೆದು ಹಾಸುತ್ತಿದ್ದ. ಬೆರಳುಗಳು ಗಲ್ಲಾಪೆಟ್ಟಿಗೆಯ ಮೇಲೆ ಸದಾ ಏನನ್ನೋ ಮೀಟುತ್ತಿದ್ದವು. ಅವನೂ ಅವನ ಸ್ನೇಹಿತರು ಮೂವರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಡ್ರಮ್ ಬಾರಿಸುವವನ ಅಪ್ಪನಿಗೆ ಕುರಿಚಿಯಲ್ಲಿ ಒಂದು ಫೌಂಡ್ರಿ ಇತ್ತು. ಅದರ ಹಿಂದಿನ ಶೆಡ್ಡಿನಲ್ಲಿ ಭಾನುವಾರಗಳಂದು ಅಭ್ಯಾಸ. ಸುತ್ತಮುತ್ತ ಪಂಪುಗಳೇ ತುಂಬಿದ್ದರಿಂದ ಬ್ಯಾಂಡಿಗೆ ‘ಪರ್ಪಲ್ ಪಂಪ್‌ಸೆಟ್’ ಎಂದು ಹೆಸರಿಟ್ಟಿದ್ದರು. ಪರ್ಪಲ್ ಯಾಕೆಂದು ನಾನು ಕೇಳಲಿಲ್ಲ. ಅದು ಎಂಬತ್ತರ ದಶಕ. ಬೇರೆ ಹುಡುಗರೆಲ್ಲ ಡಿಸ್ಕೋ ಎಂದು ಕುಣಿಯುತ್ತಿದ್ದಾಗ ಈ ನಾಲ್ವರಿಗೆ ಮಾತ್ರ ತಾವು ತೊಟ್ಟಿಲಲ್ಲಿದ್ದ ಕಾಲದ ವಿದೇಶಿ ರಾಕ್ ಸಂಗೀತದ ಹುಚ್ಚು. ಆ ಹಳೆಯ ಧಾಟಿಯಲ್ಲಿ ಹೊಸ ಹಾಡುಗಳನ್ನು ತಾವೇ ಕಟ್ಟಿ, ಭಕ್ತಿಗೀತೆಗಳನ್ನು ಧ್ವನಿಮುದ್ರಿಸುವ ಒಂದು ಸ್ಟುಡಿಯೋದಲ್ಲಿ ಮುರುಗನ ಹಾಡಿನವರು ಊಟಕ್ಕೆ ಎದ್ದ ಹೊತ್ತಿನಲ್ಲೆಲ್ಲ ನುಗ್ಗಿ, ಅಂತೂ ಒಂದು ಕ್ಯಾಸೆಟ್ ಮುಗಿಸಿದ್ದರು.

ಆ ಕ್ಯಾಸೆಟ್ ಮಾವನ ಕೈಗೆ ಬಂದದ್ದೇ ಮನೆಯಲ್ಲಿ ಮಾತು ಬೆಳೆಯಿತು. ದಂಡಪಾಣಿ ಅಂಗಡಿ ಬಿಟ್ಟು ಒಂದು ವರ್ಷ ಬ್ಯಾಂಡಿನಲ್ಲೇ ಇರುತ್ತೇನೆಂದ. ಮಾವ ಆಗುವುದಿಲ್ಲ ಎನ್ನಲಿಲ್ಲ. ಅವರು ನ್ಯಾಯಸ್ಥರು. ಭಾನುವಾರ ನನ್ನನ್ನೂ ನನ್ನ ಹೆಂಡತಿ ಸರಸುವನ್ನೂ ಊಟಕ್ಕೆ ಕರೆಸಿ, ಹಾಗಲಕಾಯಿಯೆಲ್ಲ ಮುಗಿದ ಮೇಲೆ ನನ್ನೆದುರು ಕೂತು ಹೇಳಿದರು:

"ಮಾಪ್ಳೆ, ನಂಗೆ ಈ ಇಂಗ್ಲೀಷ್ ಪಾಟು ಒಂದೂ ಪುರಿಯಲ್ಲ. ನೀವು ಸಂಗೀತ ತಿಳಿದೋರು. ಕೇಳಿ ಒಂದು ಮಾತು ಹೇಳ್ಬುಡಿ. ನೀವು ಚೆನ್ನಾಗಿದೆ ಅಂದ್ರೆ ಅವ್ನು ಪಾಡ್ಲಿ. ಇಲ್ಲಾಂದ್ರೆ ಅಂಗಡಿ."

ಸರಸು ನನ್ನತ್ತ ಒಂದು ನೋಟ ನೋಡಿದಳು. ತಮ್ಮನೆಂದರೆ ಅವಳಿಗೆ ಜೀವ. ಆ ನೋಟದಲ್ಲಿ ನಾನು ಕೊಡಬೇಕಾದ ತೀರ್ಪು ಸ್ಪಷ್ಟವಾಗಿತ್ತು. ಇತ್ತ ಮಾವ ವಿಶ್ವಾಸದಿಂದ ನನ್ನ ಮುಖ ನೋಡುತ್ತಿದ್ದರು. ನನ್ನ ಒಂದು ಮಾತಿನಿಂದ ಒಬ್ಬ ಹುಡುಗನ ಬದುಕು ಆ ಕಡೆಗೋ ಈ ಕಡೆಗೋ ಹೋಗುತ್ತದೆಂದು ಯೋಚಿಸಿದಾಗ ಇದಕ್ಕಿಂತ ಇನ್ನೊಂದು ಸೌಟು ಹಾಗಲಕಾಯಿ ಪಲ್ಯವೇ ವಾಸಿ ಎನಿಸಿತು. ಮಗ ಎದುರಿದ್ದರೆ ಅಳಿಯ ದಾಕ್ಷಿಣ್ಯಕ್ಕೆ ಬೀಳುತ್ತಾನೆಂದು ಮಾವ ದಂಡಪಾಣಿಯನ್ನು ಜಗುಲಿಗೆ ಕಳಿಸಿದರು. ಬಾಯಿ ಬಿಡಬಾರದೆಂದು ಅಪ್ಪಣೆಯಾಯಿತು.

ಸಿಂಗಾಪುರದಿಂದ ನೆಂಟರೊಬ್ಬರು ತಂದುಕೊಟ್ಟ ಟೇಪ್‌ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಅದರ ಕಸೂತಿ ಬಟ್ಟೆ ತೆಗೆದು, ಕ್ಯಾಸೆಟ್ ಹಾಕಿದರು. ಮೊದಲು ಗಾಳಿ ಬೀಸುವ ಸದ್ದು. ಆಮೇಲೆ ಗಿಟಾರು ‘ವಾಂವ್ ವಾಂವ್’ ಎಂದಿತು. ಅತ್ತೆ ಎದ್ದುಹೋಗಿ ಅಡುಗೆಮನೆಯ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ ಬಂದರು. ಬೆಕ್ಕಲ್ಲ, ಹಾಡು ಎಂದು ಸರಸು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ನಾನು ಕಣ್ಣು ಮುಚ್ಚಿದೆ. ಸಂಗೀತ ಬಲ್ಲವನು ಮೊದಲು ಮಾಡಬೇಕಾದ ಕೆಲಸ ಅದೇ ಎಂದು ಅನುಭವದಿಂದ ಗೊತ್ತಿತ್ತು.

ಎರಡನೆಯ ಹಾಡಿನ ನಡುವೆ ಇದ್ದಕ್ಕಿದ್ದಂತೆ ಯಾರೋ ಶಬ್ದವನ್ನು ಒಳಕ್ಕೆ ಎಳೆದುಕೊಂಡಂತೆ ‘ಸ್ಶೂಪ್, ಸ್ಶೂಪ್’ ಎಂದು ಕೇಳಿಸಿತು. ಮಾವ ದಡಕ್ಕನೆ ಎದ್ದು ಯಂತ್ರ ನಿಲ್ಲಿಸಿದರು.

"ಟೇಪು ಸುತ್ತಿಕೊಂಡಿತು!"

"ಹೌದು, ಸುತ್ತಿಕೊಂಡಿದೆ," ಎಂದು ನಾನೂ ಗಂಭೀರವಾಗಿ ಹೇಳಿದೆ. ಪೆನ್ಸಿಲ್ ತಂದು ತೂರಿಸಿ ಸುತ್ತಿದ್ದಾಯಿತು. ಮತ್ತೆ ಹಾಕಿದರೆ ಮತ್ತೆ ‘ಸ್ಶೂಪ್’. ಮಾವ ಯಂತ್ರದ ತಲೆಗೆ ಎರಡು ತಟ್ಟಿದರು. ಜಗುಲಿಯಿಂದ ಯಾರೋ ನರಳಿದಂತೆ ಕೇಳಿಸಿತು. ಆ ಹಾಡನ್ನು ಬಿಟ್ಟು ಮುಂದಕ್ಕೆ ಓಡಿಸಿದರು.

ಆಗ ಬಂತು ಆ ಹಾಡು. ಮೊದಲೊಂದು ಸಾಲು ಚುರುಕಾಗಿ ಹೋದದ್ದು, ಬರಬರುತ್ತಾ ನಿಧಾನವಾಯಿತು. ಗಿಟಾರು ಭಾರ ಎಳೆಯುವ ಎತ್ತಿನಂತೆ ಒಂದೊಂದೇ ಹೆಜ್ಜೆ ಇಡತೊಡಗಿತು. ದಂಡಪಾಣಿಯ ತೆಳು ಧ್ವನಿ ಇಳಿದು ಇಳಿದು ಆಳವಾದ ಬಾವಿಯೊಳಗಿಂದ ಬಂದಂತಾಯಿತು. ಅದರಲ್ಲಿ ಏನೋ ಒಂದು ಸಂಕಟ, ಏನೋ ಒಂದು ಗಾಂಭೀರ್ಯ. ಸುಳ್ಳು ಹೇಳುವುದಿಲ್ಲ, ನನ್ನ ಮೈಮೇಲಿನ ರೋಮ ನಿಮಿರಿತು. ತೀರ್ಪು ಕೊಡಲು ಇದೇ ಜಾಗವೆಂದು ನಿರ್ಧರಿಸಿದೆ. ಕಣ್ಣು ತೆರೆದು ಹೇಳಿದೆ:

"ಮಾವ, ಇಲ್ಲಿದೆ ನೋಡಿ ವಿದ್ಯೆ. ಮಿಕ್ಕದ್ದೆಲ್ಲ ಹುಡುಗಾಟ ಇರಬಹುದು. ಈ ನಿಧಾನ ಇದೆಯಲ್ಲ, ಇದು ಎಲ್ಲರಿಗೂ ಸಿದ್ಧಿಸುವಂಥದ್ದಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಪಕ್ವವಾದ ಧ್ವನಿ!"

ಅತ್ತೆಯ ಕಣ್ಣಲ್ಲಿ ನೀರು ಬಂತು. "ನನ್ನ ಕಂದನ ಗಂಟಲು ಇಷ್ಟು ದೊಡ್ಡದಾ?" ಎಂದರು. ಮಾವ ನಿಧಾನವಾಗಿ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ದಂಡಪಾಣಿ ಅಪ್ಪಣೆ ಮರೆತು ಜಗುಲಿಯಿಂದ ಒಳಗೆ ನುಗ್ಗಿದ.

"ಬಾವ, ಮೇಲೆ ಫ್ಯಾನ್ ನೋಡಿ!"

ನೋಡಿದೆವು. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬೇಸಿಗೆಯ ಮಧ್ಯಾಹ್ನ, ಊರ ಸುತ್ತಲಿನ ತೋಟಗಳಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತು. ಅವುಗಳಲ್ಲಿ ಅರ್ಧ ನಮ್ಮ ಕಾರ್ಖಾನೆಯವೇ ಇದ್ದಿರಬೇಕು. ವೋಲ್ಟೇಜ್ ಪೂರ್ತಿ ಕುಸಿದು, ಫ್ಯಾನಿನಂತೆ ಟೇಪೂ ತೆವಳುತ್ತಿತ್ತು.

"ಅದು ಓಡೋ ಪಾಟು ಬಾವ, ಕುಣಿಯೋಕೆ ಮಾಡಿದ್ದು," ಎಂದ ದಂಡಪಾಣಿ. "ಮೊದ್ಲು ‘ಸ್ಶೂಪ್’ ಅಂದಾಗ ನೀವು ಟೇಪು ಕೆಟ್ಟೋಯ್ತು, ರಿಪೇರಿ ಅಂದ್ಕೊಂಡ್ರಲ್ಲ, ಅದು ರಿಪೇರಿ ಇಲ್ಲ. ಗಿಟಾರ್ ಬಾರ್ಸಿ, ಟೇಪನ್ನ ತಿರುಗಾಮುರುಗಾ ಓಡ್ಸಿ ಸೇರ್ಸಿದ್ದು. ಅದಕ್ಕೇ ಎಷ್ಟು ಕಷ್ಟಪಟ್ಟಿದ್ವಿ ಗೊತ್ತಾ?"

ನಾನು ಫ್ಯಾನನ್ನೇ ನೋಡುತ್ತಾ ಕೂತೆ. ಅಲ್ಲಿ ಬಿಟ್ಟರೆ ಬೇರೆಲ್ಲಿ ನೋಡಲೂ ಜಾಗವಿರಲಿಲ್ಲ. ಕಲೆಯನ್ನು ರಿಪೇರಿಯೆಂದೂ ರಿಪೇರಿಯನ್ನು ಕಲೆಯೆಂದೂ ಕೂತ ಜಾಗದಲ್ಲೇ ಹೇಳಿದ್ದೆ. ಸರಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುವೋ ನಗುವೋ ಗೊತ್ತಾಗಲಿಲ್ಲ. ಮಾವ ಮಾತ್ರ ನನ್ನ ಮರ್ಯಾದೆ ಉಳಿಸುವವರಂತೆ ಮಗನ ಕಡೆ ತಿರುಗಿದರು.

"ಸರಿ, ಅದು ಇರ್ಲಿ. ಇದು ಹಳೇ ಕಾಲದ ಪಾಟು ಮಾದಿರಿ ಅಂದೆ. ಹಳೇದನ್ನ ಹಳಬ್ರೇ ಪಾಡಿ ಮುಗಿಸಿದ್ದಾರಲ್ಲ, ನೀನ್ ಯಾಕೆ ಪಾಡ್ಬೇಕು?"

ದಂಡಪಾಣಿ ಕೇಳಿದ: "ಅಜ್ಜಿ ಮದ್ವೆ ಸೀರೆ ಬಾರ್ಡರ್ನ ಹೋದ ದೀಪಾವಳಿಗೆ ಮತ್ತೆ ನೇಯ್ಸಿದ್ರಲ್ಲಪ್ಪಾ, ಬೇರೆ ಬಣ್ಣದಲ್ಲಿ? ಹಳೇದು ಅಂತ ಯಾರಾದ್ರೂ ಬೇಡಾಂದ್ರಾ? ಹೊಸ ಡಿಸೈನು ಅಂತ ತಾನೇ ತಗೊಂಡೋದ್ರು?"

ಮಾವ ಮಗನನ್ನು ದಿಟ್ಟಿಸಿ ನೋಡಿದರು. ಅಂಗಡಿಯಲ್ಲಿ ಕೂತಷ್ಟೂ ದಿನ ಇವನು ಏನನ್ನೂ ಗಮನಿಸಿಲ್ಲವೆಂದು ಅವರು ತಿಳಿದಿದ್ದರು. "ಸೀರೆ ಆದ್ರೆ ಉಡಬಹುದು," ಎಂದು ಗೊಣಗಿದರೂ ಧ್ವನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ಮದುಕ್ಕರೈನಲ್ಲಿ ಏನೋ ಪ್ರೋಗ್ರಾಂ ಇದೆ ಅಂದಿಯಲ್ಲ. ನಾನೇ ಬಂದು ನೋಡ್ತೀನಿ. ಅಲ್ಲಿವರ್ಗೂ ಮಾಪ್ಳೆಗೆ ತೊಂದ್ರೆ ಕೊಡ್ಬೇಡ."

ಅಲ್ಲಿಗೆ ನನ್ನ ಪಾಲಿನದು ಮುಗಿಯಿತೆಂದು ಸಮಾಧಾನವಾಗಿತ್ತು. ಆದರೆ ಕೆಲವು ದಿನಗಳ ಮೇಲೆ ದಂಡಪಾಣಿ ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದ. ನನ್ನ ಮೇಲೆ ಕೋಪದಿಂದ ಬಂದನೆಂದು ಹೆದರಿದೆ. ಹಾಗಲ್ಲ. ನಡೆದದ್ದನ್ನು ಅವನು ತಮಾಷೆಗೆಂದು ಸ್ನೇಹಿತರಿಗೆ ಹೇಳಿದನಂತೆ. ಅವರು ತಮಾಷೆಗೆಂದೇ ಹಾಡನ್ನು ಅಷ್ಟು ನಿಧಾನವಾಗಿ ಬಾರಿಸಿ ನೋಡಿದರಂತೆ. ಮುಗಿದಾಗ ಶೆಡ್ಡಿನಲ್ಲಿ ಯಾರೂ ನಗಲಿಲ್ಲವಂತೆ.

"ನೀವು ಹೇಳಿದ್ದು ನಿಜ ಬಾವ. ಆ ಪಾಟಿಗೆ ಆ ನಿಧಾನಾನೇ ಸರಿ. ನಮ್ಗೆ ಯಾರ್ಗೂ ತೋಚಲಿಲ್ಲ. ನಿಮ್ ಕಿವೀನೇ ಕಿವಿ."

ನಾನು ಅದನ್ನು ಅಲ್ಲಗಳೆಯಬೇಕಿತ್ತು. ಬದಲಿಗೆ, "ಏನೋ ಹಾಗನ್ನಿಸಿತು," ಎಂದೆ. ಮರುಕ್ಷಣವೇ ಅದಕ್ಕೆ ಶಿಕ್ಷೆ ಸಿಕ್ಕಿತು. ಬ್ಯಾಂಡಿನಲ್ಲಿ ಟ್ಯಾಂಬುರಿನ್, ಅಂದರೆ ಗೆಜ್ಜೆ ಬಿಲ್ಲೆಗಳಿರುವ ಬಳೆಯಂಥ ವಾದ್ಯ, ಅದನ್ನು ಆಡಿಸುವ ಹುಡುಗನಿಗೆ ಕಾಮಾಲೆಯಂತೆ. ಆ ನಿಧಾನದ ಹಾಡಿಗೆ ಅದು ಬೇಕೇ ಬೇಕಂತೆ. ಆ ನಿಧಾನ ಗೊತ್ತಿರುವವನು ಊರಲ್ಲಿ ನಾನೊಬ್ಬನೇ ಅಂತೆ. ನಾನು ಏನೇನೋ ಕಾರಣ ಹೇಳಿದೆ. ಒಳಗಿನಿಂದ ಸರಸು, "ಬರ್ತಾರೆ ಹೋಗೋ," ಎಂದು ನನ್ನ ಪರವಾಗಿ ಒಪ್ಪಿಬಿಟ್ಟಳು.

ಮದುಕ್ಕರೈನಲ್ಲಿ ಕಾರ್ಯಕ್ರಮ ಅಲ್ಲಿನ ಸಿಮೆಂಟ್ ಕಾರ್ಖಾನೆಯ ಕ್ಲಬ್ಬಿನ ಸಭಾಂಗಣದಲ್ಲಿ. ಸಂಜೆಯ ಹೊತ್ತು, ನೆರೆದವರಲ್ಲಿ ಹೆಚ್ಚಿನವರು ಕುಟುಂಬ ಸಮೇತ ಬಂದ ನೌಕರರು. ನಮಗೆ ತಿರುಪ್ಪೂರಿನಿಂದ ತರಿಸಿದ ಬನಿಯನ್‌ಗಳು. ಬಣ್ಣಕ್ಕೆ ಹಾಕುವಾಗ ಒಂದರದು ಇನ್ನೊಂದಕ್ಕೆ ಹರಡಿ, ವಿದೇಶಕ್ಕೆ ಹೋಗಲಾರದೆ ಉಳಿದ ಸರಕು. ಹಳದಿ, ನೀಲಿ, ಕೆಂಪು ಸುಳಿಗಳು. ಹುಡುಗರಿಗೆ ಅದು ಒಪ್ಪುತ್ತಿತ್ತು. ನನ್ನ ಹೊಟ್ಟೆಯ ಮೇಲೆ ಮಾತ್ರ ಸುಳಿ ಬೇಡದಷ್ಟು ಅಗಲವಾಗಿತ್ತು. ಮುಂದಿನ ಸಾಲಿನಲ್ಲಿ ಮಾವ, ಬಿಳಿ ಪಂಚೆ, ಭುಜದ ಮೇಲೆ ಮಡಿಸಿದ ಶಲ್ಯ. ಪಕ್ಕದಲ್ಲಿ ಅತ್ತೆ, ಸರಸು. ನಾನು ಡ್ರಮ್ಮಿನ ಮರೆಗೆ ನಿಂತೆ.

ದಂಡಪಾಣಿ ಮೈಕಿನ ಮುಂದೆ ಹೋಗಿ ನಿಂತ. ಅಂಗಡಿಯಲ್ಲಿ ಕೂಗಿದರೂ ಓಗೊಡದ ಹುಡುಗ, ಬೆನ್ನು ನೆಟ್ಟಗೆ ಮಾಡಿ ಒಮ್ಮೆ ಸಭೆಯನ್ನು ನೋಡಿದ. ಮೊದಲ ಹಾಡುಗಳಿಗೆ ಜನ ಪಕ್ಕದವರ ಮುಖ ನೋಡಿಕೊಂಡರು. ಒಂದಿಬ್ಬರು ಮಕ್ಕಳು ಕಿವಿ ಮುಚ್ಚಿಕೊಂಡರು. ಆಮೇಲೆ ನಿಧಾನದ ಹಾಡು. ಈ ಸಲ ವೋಲ್ಟೇಜ್ ಸರಿಯಾಗಿತ್ತು; ನಿಧಾನ ಅವರದೇ. ಕಿವಿ ಮುಚ್ಚಿದ್ದ ಮಕ್ಕಳು ಕೈ ಇಳಿಸಿದರು. ನಾನು ಟ್ಯಾಂಬುರಿನ್ ಆಡಿಸಿದೆ. ಆಡಿಸುತ್ತಾ ಆಡಿಸುತ್ತಾ ಏನಾಯಿತೋ, ಸ್ಟೋರ್ಸು, ವಾಷರು, ನನ್ನ ವಯಸ್ಸು ಎಲ್ಲ ಮರೆತು ಡ್ರಮ್ಮಿನ ಮರೆಯಿಂದ ಮುಂದಕ್ಕೆ ಬಂದಿದ್ದೆ. ಕಣ್ಣು ತಾನಾಗಿ ಮುಚ್ಚಿತ್ತು. ಹಾಡು ಮುಗಿದದ್ದು ನನಗೆ ಗೊತ್ತಾದದ್ದು ನನ್ನ ಟ್ಯಾಂಬುರಿನ್ ಮಾತ್ರ ಸದ್ದು ಮಾಡುತ್ತಿದೆ ಎಂದು ಅರಿವಾದಾಗ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು.

ಹೊರಗೆ ಬಂದಾಗ ಮಾವ ಮಗನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. "ಒಂದು ವರ್ಷ ಪಾಡು. ಆಮೇಲೆ ನೋಡೋಣ," ಎಂದರು. ಅತ್ತೆ ಅವನ ಬೆವರು ಒರೆಸಿದರು. ಆಮೇಲೆ ಮಾವ ನನ್ನ ಕಡೆ ತಿರುಗಿದರು. ನಾನು ಬನಿಯನ್ನಿನ ಸುಳಿಯನ್ನು ಎಳೆದು ಸರಿಮಾಡಿಕೊಂಡು ನಗುಮುಖದಿಂದ ನಿಂತೆ.

"ಮಾಪ್ಳೆ," ಎಂದರು ಬಹಳ ಗೌರವದಿಂದ, "ಬ್ಯಾಂಡಿಗೆ ನೀವು ಮಾತ್ರ ಬೇಡಿಂಗ."

ಕುರಿಚಿಗೆ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬನಿಯನ್ನಿನ ಸುಳಿ ಕಾಣದಂತೆ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡೆ. ಕೊನೆಗೆ ತಡೆಯಲಾರದೆ ಸರಸುವಿಗೆ ಹೇಳಿದೆ: "ನಿಮ್ಮಪ್ಪನಿಗೆ ಸೀರೆ ವಿಷಯ ಗೊತ್ತಿರಬಹುದು. ಸಂಗೀತ ಏನು ಗೊತ್ತು?"

ಸರಸು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜಗಳು ಕುರಿಚಿ ಬರುವವರೆಗೂ ಕುಲುಕುತ್ತಿದ್ದವು.